ಕಾಲಿಗೆ ಬುದ್ಧಿ ಹೇಳಿದ ರಾಮನಾಥ

ನಮ್ಮ ಮನೆಗೆಂದು ಹಂಚಿಬಂದ ಸಿಟ್ಟೆಲ್ಲ ನನಗೊಬ್ಬಳಿಗೇ ಸಿಕ್ಕಿತು. ಅಣ್ಣ ರಾಮನಾಥನ ಪಾಲಿಗೆ ಒಂದು ಚಮಚೆಯಷ್ಟೂ ಉಳಿಯಲಿಲ್ಲ. ಕಾರವಾರದ ಹಬ್ಬುವಾಡದಲ್ಲಿ ಯಾರನ್ನಾದರೂ ಕೇಳಿ ನೋಡಿ. ಬಂದರಿನ ವರ್ಕ್‌ಶಾಪಿನ ಫಿಟರ್ ರಾಮನಾಥ ಏರುದನಿಯಲ್ಲಿ ಮಾತಾಡಿದ್ದನ್ನು ಕೇಳಿದವರು ಒಬ್ಬರಾದರೂ ಸಿಕ್ಕಿದರೆ ನನ್ನ ಹೆಸರು ನಾಗಶ್ರೀಯಲ್ಲ. ಅಂಥವನ ಅಂಗಳದಲ್ಲಿ ರಕ್ತ ಬಿತ್ತು. ಆ ಕತೆಯನ್ನು ಊರಿನವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ. ನಾನು ನಡೆದ ಹಾಗೆ ಹೇಳುತ್ತೇನೆ.

ಅಣ್ಣ ಮದುವೆಯಾಗಲಿಲ್ಲ. ಅವನಿಗೆ ಇದ್ದದ್ದು ಒಂದು ಬುಲೆಟ್, ೧೯೭೪ರದ್ದು. ನಮ್ಮ ಆಯಿ, ಹೆತ್ತವಳು, ಸಾಯುವ ಮೊದಲು ಗಂಗೂ ಎಂಬ ಎಮ್ಮೆಯನ್ನು ಮಾರಿ ಅದನ್ನು ಕೊಡಿಸಿದ್ದಳು. ಹಾಗಾಗಿ ಗಾಡಿಗೂ ಗಂಗೂ ಎಂದೇ ಹೆಸರಾಯಿತು. ವರ್ಷಕ್ಕೊಮ್ಮೆ ರಜೆ ಹಾಕಿ ಅದರ ಮೇಲೆ ದೂರ ಹೋಗುತ್ತಿದ್ದ, ಒಮ್ಮೆ ಪಂಢರಪುರಕ್ಕೆ, ಇನ್ನೊಮ್ಮೆ ಕನ್ಯಾಕುಮಾರಿಗೆ. ಅಷ್ಟು ದೂರಕ್ಕೆ ಬೇಕಾದದ್ದೆಲ್ಲ ಅಂಗಳದಲ್ಲೇ ತಯಾರು. ದೋಣಿ ಕಟ್ಟುವವರು ಉಳಿಸಿದ ಹಲಗೆಯಿಂದ ಎರಡು ಪೆಟ್ಟಿಗೆ ಮಾಡಿ ಗಾಡಿಯ ಎರಡೂ ಬದಿಗೆ ಕೂರಿಸಿದ, ಮಳೆಗೆ ಉಬ್ಬಬಾರದೆಂದು ದೋಣಿಗೆ ಬಳಿಯುವ ಬಣ್ಣವನ್ನೇ ಬಳಿದ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ದಪ್ಪ ಸರಳಿನ ಕ್ಯಾರಿಯರ್ ಮಾಡಿಸಿದ. ಆ ಸರಳು ನೆನಪಿರಲಿ, ಅದರಿಂದಲೇ ನಾನು ಬದುಕಿದ್ದೇನೆ.

ನನ್ನನ್ನು ಅಂಕೋಲೆಯ ಬೆಳಂಬಾರಕ್ಕೆ ಕೊಟ್ಟಿದ್ದರು. ಗಂಡ ಸಂದೇಶ ಅದಿರಿನ ಲಾರಿಗಳ ಯಾರ್ಡಿನಲ್ಲಿ ಸೂಪರ್‌ವೈಸರ್. ಆ ವರ್ಷಗಳಲ್ಲಿ ಹೆದ್ದಾರಿಯ ತುಂಬ ಕೆಂಪು ಧೂಳು, ಅವನ ಕಿಸೆಯ ತುಂಬ ಸೊಕ್ಕು. ಅವನ ಹತ್ತಿರವೂ ಹಳೇ ಬುಲೆಟ್ಟಿತ್ತು. ಹಳೇ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಉಳಿದೆಲ್ಲ ಬೈಕುಗಳಿಗೆ ಉಲ್ಟಾ. ಇದೊಂದು ದೊಡ್ಡ ಪದವಿ ಎಂಬಂತೆ ಅವನು ಮೀಸೆ ತಿರುವುತ್ತಿದ್ದ. "ಹದ್ನೆಂಟು ವರ್ಷದಿಂದ ಬಲಗೇರು ಓಡ್ಸಿದಂವ ನಾನು. ಎಡಗೇರು ಹೆಂಗಸ್ರಿಗೆ," ಎನ್ನುತ್ತಿದ್ದ.

ಮದುವೆಯಾದ ನಾಲ್ಕನೇ ತಿಂಗಳಿಗೆ ಮೊದಲ ಪೆಟ್ಟು. ಸಾರಿಗೆ ಉಪ್ಪು ಕಮ್ಮಿ ಎಂದು ಬಿಸಿ ಕಾವಲಿಯನ್ನು ಬೆನ್ನಿಗೆ ಒತ್ತಿದ. ನಾನೇನು ಸುಮ್ಮನೆ ಹೊಡೆಸಿಕೊಳ್ಳುವವಳೇ? ತುರಿಮಣೆ ಎತ್ತಿ ಎಸೆದೆ, ಅವನ ಹಣೆ ಒಡೆಯಿತು. ಅದಕ್ಕೆ ಪ್ರತಿಯಾಗಿ ನನ್ನ ಎರಡು ಹಲ್ಲು ಹೋದವು. ಆರು ವರ್ಷ ಹೀಗೇ ನಡೆಯಿತು. ಅವನು ಬೆಲ್ಟಿನಿಂದ ಹೊಡೆದರೆ ನಾನು ಕಚ್ಚುತ್ತಿದ್ದೆ, ನಾನು ಕಚ್ಚಿದರೆ ಅವನು ನನ್ನ ತಲೆಯನ್ನು ಗೋಡೆಗೆ ಜಜ್ಜುತ್ತಿದ್ದ. ಅತ್ತೆ ಬಾಗಿಲು ಹಾಕಿಕೊಂಡು ರೇಡಿಯೋ ಜೋರು ಮಾಡುತ್ತಿದ್ದಳು. ಎರಡು ಸಲ ಬಸುರಾದೆ, ಎರಡು ಸಲವೂ ಅವನ ಒದೆತಕ್ಕೇ ಹೋಯಿತು. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

೨೦೦೬ರ ಫೆಬ್ರುವರಿಯಲ್ಲಿ ಅವನು ನನ್ನ ಕತ್ತಿನ ಕೆಳಗಿನ ಎಲುಬು ಮುರಿದ. ಪಕ್ಕದ ಮನೆಯ ಫೋನಿನಿಂದ ಅಣ್ಣನಿಗೆ ಹೇಳಿ ಕಳಿಸಿದೆ. ಒಂದು ತಾಸಿನೊಳಗೆ ಗಂಗೂ ಬೆಳಂಬಾರದ ಅಂಗಳದಲ್ಲಿತ್ತು. ಅಣ್ಣ ಇಂಜಿನ್ ನಿಲ್ಲಿಸಲಿಲ್ಲ, ಒಂದನೇ ಗೇರು ತೆಗೆಯಲಿಲ್ಲ, ಇಳಿಯಲೂ ಇಲ್ಲ. "ಕೂತ್ಕೋ ತಂಗೀ," ಎಂದ, ಅಷ್ಟೇ. ನಾನು ಒಂದೇ ಕೈಯಲ್ಲಿ ಕ್ಯಾರಿಯರ್ ಹಿಡಿದು ಹತ್ತಿ ಕುಳಿತೆ. ಅಷ್ಟರಲ್ಲಿ ಸಂದೇಶ ತೆಂಗಿನಕಾಯಿ ಸುಲಿಯುವ ಹಾರೆ ಹಿಡಿದು ಹಿತ್ತಲಿಂದ ಓಡಿಬಂದ. ಎತ್ತಿ ಹೊಡೆದದ್ದು ಅಣ್ಣನ ಬಲಗಾಲಿನ ಹರಡಿನ ಮೇಲೆ, ಪಾದದ ಗಂಟಿಗೇ. ಎಲುಬು ಒಡೆದ ಶಬ್ದ ಇಂಜಿನ್ನಿನ ಸದ್ದಿನ ನಡುವೆಯೂ ನನಗೆ ಕೇಳಿಸಿತು.

"ಯಾವ ಗಾಡಿ ಮೇಲೆ ಹೋಗ್ತ್ಯೋ, ಅದೇ ಗಾಡಿ ಮೇಲೆ ಕೂರ್ಸಿ ವಾಪಸ್ ತರ್ತೆ! ಬರೂದಿಲ್ಲ ಅಂದ್ರೆ ನಿನ್ನ ಅಣ್ಣನ ಹೆಣ ಮಲಗ್ಸಿ ತರ್ತೆ!" ಎಂದು ಸಂದೇಶ ಬೇಲಿಯ ದಣಪೆಯವರೆಗೂ ಅರಚುತ್ತ ಬಂದ.

ಗೇರು ಬದಲಿಸುವುದು ಆ ಒಡೆದ ಕಾಲಿನಲ್ಲೇ. ಅಣ್ಣ ಎರಡನೇ ಗೇರಿಗಾಗಿ ಒಮ್ಮೆ ಒತ್ತಿದ, ಕುರಿ ಕೂಗಿದ ಹಾಗೆ ಕೂಗಿದ, ಮತ್ತೆ ಒತ್ತಲಿಲ್ಲ. ಬೆಳಂಬಾರದಿಂದ ಹಬ್ಬುವಾಡದವರೆಗೆ ಎರಡನೇ ಗೇರಿನಲ್ಲೇ ಬಂದೆವು. ಇಂಜಿನ್ ಕಾದು ಸೀಟು ಸುಡುತ್ತಿತ್ತು, ಅವನ ಚಪ್ಪಲಿಯಿಂದ ರಕ್ತ ಸೈಲೆನ್ಸರಿಗೆ ತೊಟ್ಟಿಕ್ಕಿ ಚುರ್ ಎನ್ನುತ್ತಿತ್ತು. ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ.

ಠಾಣೆಗೆ ಕಂಪ್ಲೇಂಟ್ ಕೊಡಲು ಹೋದೆವು. ಗಂಡ ಹೆಂಡಿರ ವಿಷಯ, ಕೂತು ಮಾತಾಡಿ ಎಂದರು. ಥೂ! ಮನೆಗೆ ಬಂದೆವು.

ನನ್ನ ಎಲುಬು ಕೂಡಿತು. ಅಣ್ಣನ ಕಾಲು ಕೂಡಿತು, ಆದರೆ ಹರಡು ಕೊರಡಾಯಿತು. ನಡೆಯುತ್ತಿದ್ದ, ಒತ್ತುತ್ತಿದ್ದ, ಆದರೆ ಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಒಂದನೇ ಗೇರಿಗೆ ಪಾದದಿಂದ ಲಿವರನ್ನು ಮೇಲೆತ್ತಬೇಕು. ಅಣ್ಣ ಒಂದು ಭಾನುವಾರವಿಡೀ ಗಂಗೂನ ಮುಂದೆ ಮಣೆ ಹಾಕಿಕೊಂಡು ಕುಳಿತ. ಮಾರುತ್ತಾನೇನೋ ಎಂದು ನಾನು ಒಳಗಿನಿಂದ ನೋಡುತ್ತಿದ್ದೆ. ಸಂಜೆಗೆ ಎದ್ದು ಬಂದು, "ಗೇರು ಎಡಕ್ಕೆ ತರ್ತೆ. ಬ್ರೇಕು ಬಲಕ್ಕೆ. ಒತ್ತೂಕೆ ಈ ಕಾಲು ಸಾಕು," ಎಂದ.

ನಾಲ್ಕು ತಿಂಗಳು ಹಿಡಿಯಿತು. ಕೆಲಸದಿಂದ ಬಂದವನೇ ಲುಂಗಿ ಮೇಲಕ್ಕೆ ಕಟ್ಟಿ ಅಂಗಳಕ್ಕಿಳಿಯುತ್ತಿದ್ದ. ಇಂಜಿನ್ನಿನ ಅಡಿಯಿಂದ ಬಲದಿಂದ ಎಡಕ್ಕೆ ಒಂದು ಸರಳು ಗೇರಿಗೆ, ಎಡದಿಂದ ಬಲಕ್ಕೆ ಇನ್ನೊಂದು ಬ್ರೇಕಿಗೆ. ಸರಳು ಒಡೆದ ದೋಣಿಯೊಂದರದ್ದು, ಬಾಗಿಸಿದ್ದು ಶಿರವಾಡದ ವೆಲ್ಡಿಂಗ್ ಅಂಗಡಿಯಲ್ಲಿ. ಎಂಟು ಸಲ ಮಾಡಿ ಎಂಟು ಸಲ ಬಿಚ್ಚಿದ. ಪಾನಾ ಕೊಡುವುದು, ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ನನ್ನ ಕೆಲಸ. ಹಾಗೇ ಕಲಿತೆ. ಇಂಜಿನ್ನಿನ ಟ್ಯಾಪೆಟ್ ಸರಿ ಇದೆಯೋ ನೋಡಲು ಒಳಗಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿಯಬೇಕು. ಅದು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಅಣ್ಣನ ದಪ್ಪ ಬೆರಳಿಗಿಂತ ನನ್ನ ಬೆರಳಿಗೇ ಅದು ಚೆನ್ನಾಗಿ ತಿಳಿಯುತ್ತಿತ್ತು.

ಕಿಕ್ ಮಾತ್ರ ಬಲಕ್ಕೇ ಉಳಿಯಿತು, ಅದನ್ನು ಬದಲಿಸಲು ಬರುವುದಿಲ್ಲ. ಕೊರಡು ಕಾಲಿನಲ್ಲಿ ಕಿಕ್ ಹೊಡೆಯುವುದು ಹೇಗೆ? "ನಾನು ಹೊಡೀತೆ," ಎಂದೆ. ಮೆಲ್ಲಗೆ ಒತ್ತಬೇಕು, ಅಮ್ಮೀಟರಿನ ಮುಳ್ಳು ವಾಲಿ ಮತ್ತೆ ನಡುವಿಗೆ ಬಂದಾಗ ನಿಲ್ಲಿಸಬೇಕು, ಆಮೇಲೆ ಒಂದೇ ಉಸಿರಿಗೆ ತುಳಿಯಬೇಕು. ಅವಸರ ಮಾಡಿದರೆ ಕಿಕ್ ತಿರುಗಿ ಒದೆಯುತ್ತದೆ. ನನಗೂ ಒದೆಯಿತು, ವಾರಗಟ್ಟಲೆ ಮೊಣಕಾಲು ಊದಿತ್ತು. ಆದರೆ ಒದೆ ತಿಂದು ರೂಢಿಯಿದ್ದವಳು ನಾನು. ಒಂದು ತಿಂಗಳಲ್ಲಿ ಗಂಗೂ ನನ್ನ ಕಾಲಿಗೆ ಒಂದೇ ಕಿಕ್ಕಿಗೆ ಹಿಡಿಯತೊಡಗಿತು. ದಿನಾ ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ ನಾನು ಕಿಕ್ ಹೊಡೆಯುವುದನ್ನು ನೋಡಲು ಎದುರು ಮನೆಯ ಸುಬ್ಬಿ ಪೊರಕೆ ಹಿಡಿದು ನಿಲ್ಲುತ್ತಿದ್ದಳು. "ಹೊಡಿಯೇ ಹೊಡಿ, ಗಂಡನ್ನ ನೆನಸ್ಕೊಂಡು ಹೊಡಿ," ಎನ್ನುತ್ತಿದ್ದಳು.

ಅಣ್ಣ ಮೂರು ಸಲ ಬಿದ್ದ. ಒಮ್ಮೆ ನಾಯಿ ಅಡ್ಡ ಬಂತು, ಬ್ರೇಕೆಂದು ಎಡಗಾಲು ಒತ್ತಿದ, ಎದುರಿನ ಪಾಗಾರದ ಗೋಡೆಗೆ ಹೋಗಿ ಗುದ್ದಿದ. ಹಳೇ ಗೇರು ಹೇಗಿತ್ತೋ ಹಾಗೇ ಎಡಕ್ಕೆ ಬಂದಿತ್ತು. ಮೇಲೆತ್ತಿದರೆ ಒಂದನೆಯದು, ಕೆಳಗೆ ಒತ್ತಿದಷ್ಟೂ ಮುಂದಿನ ಗೇರು. ಬ್ರೇಕೆಂದು ತಿಳಿದು ಒತ್ತಿದರೆ ಗಾಡಿ ನಿಲ್ಲುವುದು ಹಾಗಿರಲಿ, ಹಿಡಿತ ಬಿಟ್ಟು ಇನ್ನೂ ಓಡುತ್ತದೆ. ಮೊಣಕೈ ಕಿತ್ತುಕೊಂಡು ಬಂದ ಅವನಿಗೆ ಅರಿಶಿನ ಹಚ್ಚುತ್ತ, ಎಡಕ್ಕೆ ಗೇರು ಇದೆ ಎಂದು ಗೊತ್ತಿಲ್ಲವೇ ನಿನಗೆ ಎಂದು ಬೈದೆ.

"ತಲೆಗೆ ಗೊತ್ತದೆ ತಂಗೀ. ತಲೆ ಒಂದ್ ದಿನಕ್ಕೆ ಕಲೀತದೆ, ಕಾಲಿಗೆ ಮೂರು ತಿಂಗಳು ಬೇಕು. ಗಾಬರಿ ಬಿದ್ದಾಗ ಕಾಲು ಹಳೇ ಜಾಗಕ್ಕೇ ಹೋಗ್ತದೆ," ಎಂದ.

ಕಾಲಿಗೆ ಬುದ್ಧಿ ಹೇಳುವುದು ಎಂದರೆ ಎಲ್ಲರಿಗೂ ಓಡಿಹೋಗುವುದು. ನನ್ನ ಅಣ್ಣ ನಿಜವಾಗಿ ಕೂತು ತನ್ನ ಕಾಲಿಗೆ ಬುದ್ಧಿ ಹೇಳಿದ. ಊಟಕ್ಕೆ ಕುಳಿತಾಗಲೂ ನಾನು ಥಟ್ಟನೆ "ಬ್ರೇಕ್!" ಎಂದು ಕೂಗಬೇಕು, ಅವನು ಬಲಗಾಲು ಒತ್ತಬೇಕು. ಎಡಗಾಲು ಅಲುಗಿದರೆ ನಾನು "ಬಲಗಾಲು!" ಎಂದು ಸೌಟಿನಿಂದ ಮೊಟಕುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಎಡಗಾಲು ಅಲುಗುವುದು ನಿಂತಿತು.

ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಅಣ್ಣ ಗಂಗೂನ ಚೈನು ಬಿಗಿ ಮಾಡಿ ಕೈ ಒರೆಸಿಕೊಳ್ಳುತ್ತಿದ್ದ. ನಾನು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಬೇಲಿಯಾಚೆ ಲಾರಿಯೊಂದು ನಿಂತು ಹೊರಟ ಸದ್ದಾಯಿತು. ತಲೆ ಎತ್ತಿದರೆ ಸಂದೇಶ. ಬೆಳಿಗ್ಗೆಯೇ ಕುಡಿದಿದ್ದ, ಕಣ್ಣು ಕೆಂಡ.

"ಬಾವಾ, ಹೆಂಡ್ತಿ ಕರ್ಕೊಂಡು ಹೋಗೂಕೆ ಬಂದೆ," ಎಂದ.

"ಅವಳು ಬರೂದಿಲ್ಲ ಸಂದೇಶ. ಕೂತ್ಕೋ, ನೀರು ಕುಡಿ," ಎಂದ ಅಣ್ಣ. ಅಂಥ ಮನುಷ್ಯ.

ನೆಲದ ಮೇಲೆ ಚಕ್ರ ಬಿಚ್ಚುವ ದೊಡ್ಡ ಪಾನಾ ಬಿದ್ದಿತ್ತು. ಸಂದೇಶ ಅದನ್ನೆತ್ತಿ ಅಣ್ಣನ ಕಿವಿಯ ಮೇಲೆ ಬೀಸಿದ. ಅಣ್ಣ ಎಣ್ಣೆ ಬಟ್ಟಲಿನ ಮೇಲೆ ಬಿದ್ದ, ಕರಿ ಎಣ್ಣೆಯೂ ರಕ್ತವೂ ಕೂಡಿ ಅಂಗಳಕ್ಕೆ ಹರಿಯಿತು. ಇನ್ನೊಂದು ಪೆಟ್ಟು ಹೆಗಲಿಗೆ. ನಾನು ಒಗೆಯುವ ಕೋಲು ಹಿಡಿದು ಹೋಗಿ ಅವನ ಬೆನ್ನಿಗೆ ಹೊಡೆದೆ. ಅವನು ತಿರುಗಿ ನೋಡದೆಯೇ ಮೊಣಕೈಯಿಂದ ನನ್ನ ಬಾಯಿಗೆ ಕುಕ್ಕಿದ. ಬಿದ್ದೆ. ಬಿದ್ದಲ್ಲಿಂದ ನೋಡಿದರೆ ಪಾನಾ ಮೂರನೇ ಸಲ ಮೇಲೆದ್ದಿತ್ತು, ಈ ಸಲ ನೆತ್ತಿಗೆ ಸರಿಯಾಗಿ. ಅಣ್ಣ ಕೈ ಅಡ್ಡ ಹಿಡಿಯುವ ಸ್ಥಿತಿಯಲ್ಲೂ ಇರಲಿಲ್ಲ.

"ಬರ್ತೆ!" ಎಂದು ಕೂಗಿದೆ. "ಅಂವನ್ನ ಬಿಡು, ನಾ ಬರ್ತೆ. ಅದೇ ಗಾಡಿ ಮೇಲೆ ಕರ್ಕೊಂಡು ಹೋಗ್ತೆ ಅಂದಿದ್ಯಲ್ಲ, ಗಂಡಸಾದ್ರೆ ಕರ್ಕೊಂಡು ಹೋಗು."

ಗಂಡನಿಗೆ 'ನೀನು' ಎಂದು ಹೇಳಿದ್ದು ಅದೇ ಮೊದಲು. ಪಾನಾ ಗಾಳಿಯಲ್ಲೇ ನಿಂತಿತು. ಅವನು ಗಂಗೂನತ್ತ ನೋಡಿದ, ನಕ್ಕ, ಪಾನಾ ಎಸೆದ. ಹೋಗಿ ಕಿಕ್ ತುಳಿದ. ಕುಡಿದ ಕಾಲಿಗೆ ಮುಳ್ಳು ನೋಡುವ ತಾಳ್ಮೆ ಎಲ್ಲಿಯದು? ಗಂಗೂ ತಿರುಗಿ ಒದ್ದು ಅವನ ಮೊಣಗಂಟಿನ ಚರ್ಮ ಸುಲಿಯಿತು. ಎರಡನೇ ಸಲವೂ ಒದೆಯಿತು. ಅವನು ನನ್ನ ಜುಟ್ಟು ಹಿಡಿದು ಎಳೆದು ತಂದು, "ನೀನೇ ಹೊಡೀತ್ಯಂತಲ್ಲ, ಹೊಡಿಯೇ," ಎಂದ.

ಹೊಡೆದೆ. ಒಂದೇ ಕಿಕ್ಕಿಗೆ ಹಿಡಿಯಿತು. ಇದನ್ನು ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ.

"ಗೇರು ಎಡಕ್ಕದೆ," ಎಂದೆ. "ಬ್ರೇಕು ಬಲಕ್ಕೆ. ಹೆಂಗಸರ ಗಾಡಿ. ನಿನ್ನ ಕೈಲಿ ಆಗೂದಾ?"

"ಇಂಥವು ನೂರು ನೋಡಿದ್ದೆ. ಹತ್ತಿ ಕೂತ್ಕೋ," ಎಂದ. ಎಡಗಾಲಿನಲ್ಲಿ ಗೇರು ಹಾಕಿದ. ತಲೆ ಒಂದೇ ದಿನಕ್ಕೆ ಕಲಿಯುತ್ತದೆ, ಅಣ್ಣ ಹೇಳಿದ್ದು ನಿಜ. ಸುಬ್ಬಿ ಓಡಿಬಂದು ಅಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ಕಂಡೆ. ಅಣ್ಣನ ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿತ್ತು.

ಊರು ದಾಟುವವರೆಗೆ ಅವನು ಸರಿಯಾಗಿಯೇ ಓಡಿಸಿದ. ಅಂಗಡಿಯವರಿಗೆ ಕೈ ಬೀಸಿ, "ನೋಡ್ರೋ, ಹೆಂಡ್ತಿ ಮನೀಗೆ ಬರ್ತದೆ," ಎಂದು ಕೂಗಿದ. ಒಂದು ಕೈ ಹಿಂದಕ್ಕೆ ಚಾಚಿ ನನ್ನ ತೊಡೆ ಚಿವುಟುತ್ತ, ಮನೆಗೆ ಹೋದ ಮೇಲೆ ನನ್ನ ಯಾವ ಯಾವ ಎಲುಬು ಮುರಿಯುತ್ತಾನೆಂದು ಒಂದೊಂದಾಗಿ ಹೇಳಿದ. ಮೊದಲು ಬೆರಳು, ಪಾನಾ ಹಿಡಿಯುವ ಬೆರಳು. ಆಮೇಲೆ ನಿನ್ನ ಅಣ್ಣನನ್ನು ಮುಗಿಸಿ ಬರುತ್ತೇನೆ ಎಂದ. ನಾನು ಎರಡೂ ಕೈಯಿಂದ ಕ್ಯಾರಿಯರಿನ ಸರಳು ಹಿಡಿದು ಕುಳಿತಿದ್ದೆ. ಹೆದರಿಕೆಯೇ? ಇತ್ತು.

ಬಿಣಗಾ ಘಟ್ಟದ ಇಳಿಜಾರು. ತಿರುವು ದಾಟಿದರೆ ಎದುರಿಗೆ ಅದಿರಿನ ಲಾರಿಯೊಂದು ಮುಂದಿನ ಬಸ್ಸನ್ನು ಹಿಂದೆ ಹಾಕಲು ನಮ್ಮ ಬದಿಗೇ ಬಂದಿತ್ತು. ದೂರವಿತ್ತು. ನಿಲ್ಲಿಸಬಹುದಿತ್ತು, ದೇವರಾಣೆ ನಿಲ್ಲಿಸಬಹುದಿತ್ತು. ಸಂದೇಶ ಒತ್ತಿದ. ಹದಿನೆಂಟು ವರ್ಷ ಬ್ರೇಕು ಒತ್ತಿದ ಎಡಗಾಲಿನಿಂದಲೇ ಒತ್ತಿದ. ಖಟ್ ಎಂದು ಗೇರು ಬಿತ್ತು, ಗಾಡಿ ಹಗುರಾಗಿ ಇಳಿಜಾರಿನಲ್ಲಿ ಓಡಿತು. ಮತ್ತೆ ಒತ್ತಿದ, ಇನ್ನೂ ಜೋರಾಗಿ. ಕೈಬ್ರೇಕನ್ನೂ ಹಿಡಿದ, ಆ ಹಳೇ ಬ್ರೇಕು ಇಬ್ಬರ ಭಾರಕ್ಕೆ ಎಲ್ಲಿ ಸಾಲುತ್ತದೆ? "ಬ್ರೇಕ್ ಇಲ್ಲ! ಬ್ರೇಕ್ ಇಲ್ವೇ ಇದಕ್ಕೆ!" ಎಂದು ಅರಚಿದ.

ಊಟದ ಹೊತ್ತಿಗೆ ನಾನು ಅಣ್ಣನಿಗೆ ಸಾವಿರ ಸಲ ಹೇಳಿದ ಮಾತು, 'ಬಲಗಾಲು'. ಅಷ್ಟು ಹೇಳಲು ಸಮಯವಿತ್ತು. ಅದು ನನ್ನ ಬಾಯಲ್ಲೇ ಇತ್ತು. ನಾನು ಹೇಳಲಿಲ್ಲ. ಆ ಸಮಯದಲ್ಲಿ ನಾನು ಸರಳಿನ ಮೇಲೆ ಎರಡೂ ಕೈ ಊರಿ, ಮೈ ಎತ್ತಿ, ರಸ್ತೆಯ ಬದಿಗೆ ಹಾರಿದೆ.

ಕಲ್ಲಿನ ಮೇಲೆ ಉರುಳಿದೆ. ಎಡತೋಳಿನ ಚರ್ಮ ಎಲುಬಿನವರೆಗೂ ಹೋಯಿತು. ಗಂಗೂ ಲಾರಿಯ ಮೂತಿಗೆ ಗುದ್ದಿ ತಿರುಗಿ ಬಿತ್ತು, ಸಂದೇಶ ಅಡಿಗೆ ಹೋದ. ಹಿಂದಿನ ಚಕ್ರಗಳು ಅವನ ಎದೆಯ ಮೇಲೆ ಹಾದವು. ಕೆಂಪು ಧೂಳಿನಲ್ಲಿ ರಕ್ತ ಯಾವುದು ಮಣ್ಣು ಯಾವುದು ತಿಳಿಯಲಿಲ್ಲ. ಹತ್ತಿರ ಹೋಗಿ ನೋಡಿದೆ. ಎಡಗಾಲು ಇನ್ನೂ ಒತ್ತುವಂತೆ ಮಡಚಿಕೊಂಡೇ ಇತ್ತು.

ಗಾಡಿ ಪರೀಕ್ಷಿಸಲು ಬಂದ ಅಧಿಕಾರಿ ಬಲದ ಪೆಡಲು ಒತ್ತಿ ನೋಡಿದ, ಬ್ರೇಕು ಸರಿಯಾಗಿತ್ತು. ಎಡದ ಗೇರು ನೋಡಿದ. "ಎಲ್ಲಾ ಗಾಡಿಗೂ ಇಲ್ಲೇ ತಾನೇ ಇರೋದು," ಎಂದ. ಪೊಲೀಸರು, ಗೇರು ಬದಲಿಸಿದ್ದನ್ನು ಅವನಿಗೆ ಹೇಳಿದ್ದಿರೇ ಎಂದು ನನ್ನನ್ನು ಕೇಳಿದರು. "ಹೇಳಿದ್ದೆ," ಎಂದೆ. ಸುಬ್ಬಿಯೂ ಕೇಳಿಸಿಕೊಂಡಿದ್ದಳು. ಅವನ ಹೊಟ್ಟೆಯಲ್ಲಿ ಸಾರಾಯಿ ಇತ್ತು. ಅಲ್ಲಿಗೆ ಮುಗಿಯಿತು. ಊರಿನಲ್ಲಿ ಮಾತ್ರ ಮುಗಿಯಲಿಲ್ಲ. ಕೆಲವರು ನನ್ನನ್ನು ಗಂಡನನ್ನು ತಿಂದವಳು ಎಂದರು, ಇನ್ನು ಕೆಲವರು ಮೊದಲೇ ಕಾಲಿಗೆ ಬುದ್ಧಿ ಹೇಳಬೇಕಿತ್ತು ಎಂದರು.

ಅಣ್ಣ ಬದುಕಿದ. ತಲೆಗೆ ಇಪ್ಪತ್ತಮೂರು ಹೊಲಿಗೆ, ಬಲಗಿವಿ ಪೂರ್ತಿ ಹೋಯಿತು. ಠಾಣೆಯಿಂದ ಗಂಗೂನನ್ನು ತಂದು ಹಿತ್ತಲಿನ ತಗಡಿನ ಅಡಿ ಇಟ್ಟ. ಎರಡೂವರೆ ವರ್ಷ ಅದರ ಕಡೆ ನೋಡಲಿಲ್ಲ, ಆ ದಿನದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನು ಕೆಲವು ಸಲ ಬೇಕೆಂದೇ ಜಗಳ ತೆಗೆದೆ, ಕೇಳು ಮಾರಾಯಾ, ಕೇಳಿಬಿಡು ಎಂದುಕೊಳ್ಳುತ್ತ ಪಾತ್ರೆ ಕುಕ್ಕುತ್ತಿದ್ದೆ. ಅವನು ತಟ್ಟೆ ತೊಳೆದಿಟ್ಟು ಮಲಗುತ್ತಿದ್ದ.

೨೦೦೯ರ ಮಳೆಗಾಲ ಮುಗಿದ ಮೇಲೆ ತಾನಾಗಿಯೇ ತಗಡು ಸರಿಸಿದ. ಶಿರವಾಡಕ್ಕೆ ಒಯ್ದು ಚೌಕಟ್ಟು ನೆಟ್ಟಗೆ ಮಾಡಿಸಿದ. ಚಕ್ರ, ಫೋರ್ಕು, ಪೆಟ್ರೋಲ್ ಟಾಕಿ ಎಲ್ಲ ಕೂಡಿಸಿದ. ಒಂದು ಭಾನುವಾರ ಬೆಳಿಗ್ಗೆ ಪೆಡಲುಗಳು ಮಾತ್ರ ಉಳಿದಿದ್ದವು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನನ್ನನ್ನು ಕರೆದ.

"ಗೇರು ಯಾವ ಬದಿ ಹಾಕ್ಲಿ ತಂಗೀ?"

"ಎಡಕ್ಕೇ. ನಿನ್ನ ಕಾಲಿಗೆ ಅದೇ ತಾನೇ ಬೇಕು?"

ಹಾಕಿದ. ನಟ್ಟು ಬಿಗಿದ. ಟ್ಯಾಪೆಟ್ ನೋಡು ಎಂದ. ನಾನು ಕಡ್ಡಿಯನ್ನು ಎರಡು ಬೆರಳಲ್ಲಿ ತಿರುಗಿಸುತ್ತಿದ್ದಾಗ, ಕೇಳಿಸುವ ಕಿವಿಯನ್ನು ನನ್ನ ಕಡೆ ಮಾಡಿ, "ಅವತ್ತು ಬಲಗಾಲು ಅಂತ ಕೂಗಿದ್ಯಾ?" ಎಂದ.

"ಇಲ್ಲ," ಎಂದೆ.

ಎರಡೂವರೆ ವರ್ಷ ಬಾಯಲ್ಲಿ ಹಿಡಿದಿದ್ದ ಮಾತು ಹೊರಬಿದ್ದೊಡನೆ ಅಳು ಬಂತು. ಪಶ್ಚಾತ್ತಾಪದ ಅಳು ಅಲ್ಲ, ಸುಳ್ಳು ಯಾಕೆ ಹೇಳಲಿ. ಆ ಇಳಿಜಾರು ಇವತ್ತು ಮತ್ತೆ ಬಂದರೂ ನಾನು ಕೂಗುವುದಿಲ್ಲ. ಆದರೂ ಅತ್ತುಬಿಟ್ಟೆ, ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ದನಿ ತೆಗೆದು ಅತ್ತೆ. ಅಣ್ಣ ತಡೆಯಲಿಲ್ಲ. ಬಟ್ಟೆಯಿಂದ ಟಾಕಿಯನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

ಆಮೇಲೆ, "ಕಿಕ್ ಹೊಡಿ," ಎಂದ.

ಮುಳ್ಳು ನಡುವಿಗೆ ಬಂತು. ಒಂದೇ ಕಿಕ್ಕಿಗೆ ಹಿಡಿಯಿತು. ಅಣ್ಣ ಮುಂದೆ ಹತ್ತಲಿಲ್ಲ. ಕೊರಡು ಕಾಲು ಎತ್ತಿ ಹಿಂದಿನ ಸೀಟಿನ ಆಚೆ ಹಾಕಿ, ಕ್ಯಾರಿಯರಿನ ಸರಳು ಹಿಡಿದು ಕುಳಿತು, ಮುಂದಿನ ಸೀಟನ್ನು ತಟ್ಟಿದ.

"ನನಗೆ ಬರೂದಿಲ್ಲ," ಎಂದೆ.

"ಬರ್ತದೆ. ನಾನು ಮೂರು ಸಲ ಬಿದ್ದೆ. ನೀನು ಬೀಳೂದಿಲ್ಲ," ಎಂದ. "ನಿನ್ನ ಕಾಲಿಗೆ ಹೋಗೂಕೆ ಹಳೇ ಜಾಗ ಇಲ್ಲ."

ಸೀರೆ ಎತ್ತಿ ಕಟ್ಟಿ ಹತ್ತಿ ಕುಳಿತೆ. ಸುಬ್ಬಿ ದಣಪೆ ತೆಗೆದಳು. ಎಡಗಾಲಿನಿಂದ ಗೇರು ಎತ್ತಿದೆ, ಕ್ಲಚ್ ಬಿಟ್ಟೆ, ಗಂಗೂ ಹೊರಟಿತು.